ಗುದ್ದಲಿ ಪೂಜೆಗೂ ಮೊದಲು ಗಲ್ಲಿ ಸಭೆ

ಗಲ್ಲಿಗೆ ಕಾಂಕ್ರೀಟ್ ಬಿದ್ದು ರಸ್ತೆ ಒಂದಡಿ ಮೇಲೇರುತ್ತದೆ. ಮುಂದಿನ ಮಳೆಗೆ ನೀರು ಹೊಸ್ತಿಲು ದಾಟಿ ಮನೆಯೊಳಗೆ ನುಗ್ಗುತ್ತದೆ. ಹೀಗಾಗುತ್ತದೆಂದು ಅಲ್ಲಿನವರಿಗೆ ಗೊತ್ತಿತ್ತು. ಅಂದಾಜು ಪಟ್ಟಿ ಬರೆಯುವಾಗ ಅವರನ್ನು ಯಾರೂ ಕೇಳಲಿಲ್ಲ, ಅಷ್ಟೆ. ಕೊಳಗೇರಿಯ ಅಭಿವೃದ್ಧಿಯಲ್ಲಿ ನಿವಾಸಿಗಳ ಮಾತು ಕಡೆಯಲ್ಲಲ್ಲ, ಮೊದಲಲ್ಲೇ ಬರಬೇಕು. ಯುವಕ ಸಂಘ, ಸ್ವಸಹಾಯ ಗುಂಪುಗಳು ಇದಕ್ಕೆ ಮುಂದಾಗಬಹುದು. ಕ್ರಮ ಹೀಗಿದೆ.

1. ಗಲ್ಲಿಯಿಂದ ಶುರು ಮಾಡಿ
ಇಡೀ ಬಡಾವಣೆಯ ಸಭೆ ಕರೆದರೆ ನಾಲ್ಕೈದು ಮುಖಂಡರೇ ಮಾತನಾಡುತ್ತಾರೆ. 20–30 ಮನೆಗಳ ಒಂದೊಂದು ಗಲ್ಲಿ ಬೇರೆಬೇರೆಯಾಗಿ ಕೂರಲಿ. ಕರಾಚಿಯ ಒರಂಗಿ ಬಡಾವಣೆಯಲ್ಲಿ ಸಮಾಜ ವಿಜ್ಞಾನಿ ಅಖ್ತರ್ ಹಮೀದ್ ಖಾನ್ 1980ರಲ್ಲಿ ಆರಂಭಿಸಿದ ಯೋಜನೆ ಬೆಳೆದದ್ದೇ ಹೀಗೆ: ಗಲ್ಲಿಯವರೇ ಮುಖ್ಯಸ್ಥರನ್ನು ಆರಿಸಿ, ಹಣ ಕೂಡಿಸಿ, ಒಳಚರಂಡಿ ಹಾಕಿಸಿಕೊಂಡರು. ಗಾರ್ಮೆಂಟ್ಸ್‌ಗೆ ಹೋಗುವವರು, ಪೌರಕಾರ್ಮಿಕರು ಬಿಡುವಾಗಿರುವ ಹೊತ್ತು ಕೇಳಿಕೊಂಡು ಸಭೆ ಇಡಿ. ಬಾಡಿಗೆದಾರರನ್ನು ಬಿಡಬೇಡಿ.

2. ನೆಲದ ಮೇಲೆ ನಕ್ಷೆ ಬರೆಯಿರಿ
ಸೀಮೆಸುಣ್ಣದಲ್ಲಿ ಮನೆ, ನಲ್ಲಿ, ಮೋರಿ, ದೀಪದ ಕಂಬ ಗುರುತಿಸಿ. ಸೀಮೆಸುಣ್ಣ ಹೆಂಗಸರ ಕೈಯಲ್ಲಿರಲಿ. ಶೌಚಾಲಯ ಇದೆ ಎಂದು ಗಂಡಸರು ಒಂದು ಚೌಕ ಬರೆದು ಸುಮ್ಮನಾಗಬಹುದು. ಅದರ ಬಾಗಿಲಿಗೆ ಚಿಲಕವಿಲ್ಲ, ದಾರಿಯಲ್ಲಿ ದೀಪ ಉರಿಯುವುದಿಲ್ಲ, ಕತ್ತಲಾದ ಮೇಲೆ ಹುಡುಗಿಯರು ಒಬ್ಬರೇ ಹೋಗುವುದಿಲ್ಲ ಎಂಬುದು ಹೆಂಗಸರಿಗೇ ಗೊತ್ತು. ಬಳಿಕ ನಕ್ಷೆಯನ್ನು ಹಾಳೆಗಿಳಿಸಿ, ಮನೆಮನೆ ಸಮೀಕ್ಷೆ ಮಾಡಿ.

3. ದಾಖಲೆ ಕೂಡಿಸಿ
ನಿಮ್ಮ ಪ್ರದೇಶ 1973ರ ಕರ್ನಾಟಕ ಕೊಳಗೇರಿ ಕಾಯ್ದೆಯಡಿ ಘೋಷಿತವಾಗಿದೆಯೇ ಎಂದು ಕೊಳಗೇರಿ ಅಭಿವೃದ್ಧಿ ಮಂಡಳಿಯಲ್ಲಿ ವಿಚಾರಿಸಿ. ಕಾಮಗಾರಿಯ ಅಂದಾಜು ಪಟ್ಟಿಯ ನಕಲನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬಗಳಿಗೆ ಶುಲ್ಕವಿಲ್ಲ. ಅರ್ಜಿಗೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.

4. ಮೊದಲು ಯಾವುದು?
ನೀರು, ಚರಂಡಿ, ದೀಪ, ಹಕ್ಕುಪತ್ರ – ಒಂದೊಂದಕ್ಕೂ ಒಂದು ಚಿತ್ರ ಬರೆದಿಡಿ. ಪ್ರತಿಯೊಬ್ಬರಿಗೂ ಮೂರು ಹುಣಸೆ ಬೀಜ ಕೊಟ್ಟು, ತುರ್ತೆನಿಸಿದ್ದರ ಮೇಲೆ ಇಡಲು ಹೇಳಿ. ಓದು ಬಾರದವರ ಅಭಿಪ್ರಾಯಕ್ಕೂ ಅಷ್ಟೇ ತೂಕ ಸಿಗುತ್ತದೆ. ಎಲ್ಲರೆದುರೇ ಎಣಿಸಿ, ಠರಾವು ಬರೆದು ಸಹಿ, ಹೆಬ್ಬೆಟ್ಟು ಹಾಕಿಸಿ, ಪಾಲಿಕೆಗೂ ಮಂಡಳಿಗೂ ಸಲ್ಲಿಸಿ.

5. ವಂತಿಗೆಗೆ ಮೊದಲು ಭರವಸೆ
ನಾಳೆ ಎಬ್ಬಿಸಿಬಿಡುತ್ತಾರೆಂಬ ಭಯವಿದ್ದರೆ ಕಾಮಗಾರಿಯ ವಂತಿಗೆಗೆ ಯಾರೂ ಕೈಯಿಂದ ದುಡ್ಡು ಬಿಚ್ಚುವುದಿಲ್ಲ. ಅಹಮದಾಬಾದಿನಲ್ಲಿ 1995ರಲ್ಲಿ ಶುರುವಾದ ‘ಪರಿವರ್ತನ್’ ಕೊಳಗೇರಿ ಅಭಿವೃದ್ಧಿ ಯೋಜನೆಯಲ್ಲಿ, ಹತ್ತು ವರ್ಷ ಒಕ್ಕಲೆಬ್ಬಿಸುವುದಿಲ್ಲ ಎಂದು ಪಾಲಿಕೆ ಮಾತು ಕೊಟ್ಟಿತು. ಪ್ರತಿ ಕುಟುಂಬ 2,000 ರೂಪಾಯಿ ಹಾಕಿತು. ಅಂಥ ಭರವಸೆಯನ್ನು ಲಿಖಿತವಾಗಿ ಪಡೆಯಿರಿ. ವಂತಿಗೆ ಸಂಘದ ಬ್ಯಾಂಕ್ ಖಾತೆಗೇ ಹೋಗಲಿ.

6. ಕೆಲಸದ ಮೇಲೆ ಕಣ್ಣಿಡಿ
ಪೈಪಿನ ಅಳತೆ, ಚರಂಡಿಯ ಇಳಿಜಾರು, ಸಿಮೆಂಟಿನ ಪ್ರಮಾಣವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಗಾರೆ ಕೆಲಸ ಬಲ್ಲವರು ಬಡಾವಣೆಯಲ್ಲೇ ಇರುತ್ತಾರೆ. ಅವರನ್ನೂ ಇಬ್ಬರು ಹೆಂಗಸರನ್ನೂ ಉಸ್ತುವಾರಿಗೆ ನೇಮಿಸಿ. ತಪ್ಪು ಕಂಡರೆ ಫೋಟೊ ತೆಗೆದು ಅಂದೇ ಇಂಜಿನಿಯರ್‌ಗೆ ಲಿಖಿತ ದೂರು ಕೊಡಿ.

7. ನಿರ್ವಹಣೆಗೆ ಹೊಣೆ ಹಂಚಿ
ಮೋರಿ ಕಟ್ಟಿಕೊಂಡರೆ, ದೀಪ ಕೆಟ್ಟರೆ ಯಾರು ಯಾರಿಗೆ ಫೋನ್ ಮಾಡಬೇಕೆಂದು ಈಗಲೇ ನಿಗದಿಪಡಿಸಿ. ತಿಂಗಳಿಗೊಮ್ಮೆ ಗಲ್ಲಿ ಸಭೆ ಸೇರಿ ಲೆಕ್ಕ ಓದಿ. ಕಾಮಗಾರಿ ಮುಗಿದ ಮೇಲೂ ಈ ಸಭೆ ನಿಲ್ಲದಿದ್ದರೆ, ಮುಂದಿನ ಯೋಜನೆ ಹೊತ್ತು ಬರುವ ಅಧಿಕಾರಿಗೆ ಮೊದಲು ನಿಮ್ಮನ್ನು ಕೇಳದೆ ವಿಧಿಯಿರುವುದಿಲ್ಲ.