ಯಂತ್ರ ಎಲ್ಲಿ ನಿಂತಿದೆ ಎಂದು ಮೊದಲು ಓದಿ

ಪ್ರಶ್ನೆ: ಸರ್, ನಾನು ವಿಜಯಪುರ ಜಿಲ್ಲೆಯವನು. ವಯಸ್ಸು 26. ಪುಣೆಯ ಹಿಂಜವಡಿಯಲ್ಲಿ ಸಿಸ್ಟಂ ಅಡ್ಮಿನ್ ಆಗಿದ್ದೇನೆ. ಕಚೇರಿಯ ಕೆವಿಎಂ ಮೇಲೆ ಓಡುತ್ತಿರುವ ಡೆಬಿಯನ್ ಸರ್ವರ್‌ಗಳನ್ನು ಅಜೂರ್ ಕ್ಲೌಡಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಡಿಸ್ಕುಗಳನ್ನು ನಕಲು ಮಾಡಿ ಹೊಸ ವಿಎಂ ಕಟ್ಟಿದೆ. ಎರಡು ವಿಎಂಗಳು ಏಳುತ್ತಲೇ ಇಲ್ಲ. ಒಂದು, ಕಾರ್ಯವ್ಯವಸ್ಥೆ ಸಿಗಲಿಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಇನ್ನೊಂದು ಸ್ವಲ್ಪ ಮುಂದೆ ಹೋಗಿ, ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಸಾಲು ತೋರಿಸಿ ಸುಮ್ಮನಾಗುತ್ತದೆ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದೇ ಕಥೆ. ಟೀಮ್ ಲೀಡ್ ಕೇಳಿದಾಗ ಹೆದರಿ, ‘ಕ್ಲೌಡಿನವರ ಕಡೆ ಏನೋ ತೊಂದರೆ’ ಎಂದುಬಿಟ್ಟೆ. ಡೇಟಾ ಹಾಳಾಗಿದೆಯೋ ಏನೋ ಎಂಬ ಚಿಂತೆಗೆ ನಿದ್ದೆ ಬರುತ್ತಿಲ್ಲ. ಈ ಕೆಲಸ ನನ್ನಿಂದ ಆಗುವಂಥದ್ದೇ?
— ಹೆಸರು ಬೇಡ, ಪುಣೆ

ಉತ್ತರ: ಮೊದಲು ಡೇಟಾದ ಮಾತು. ನೀವು ಬರೆದ ಎರಡು ಲಕ್ಷಣಗಳಲ್ಲಿ ಯಾವುದೂ ಡಿಸ್ಕಿನೊಳಗಿನ ಮಾಹಿತಿ ಅಳಿದುಹೋಗಿರುವುದರ ಗುರುತಲ್ಲ. ಎರಡೂ ವಿಎಂಗಳು ಆ ಮಾಹಿತಿಯನ್ನು ತಲುಪುವ ಮುಂಚೆಯೇ ನಿಂತಿವೆ. ಮೇಲಾಗಿ ಮೂಲ ಸರ್ವರ್‌ಗಳು ನಿಮ್ಮ ಕಚೇರಿಯಲ್ಲೇ ಇವೆ. ಹೊಸ ವಿಎಂ ಕೆಲವು ದಿನ ಸರಿಯಾಗಿ ಓಡುವ ತನಕ ಅವನ್ನು ಯಾರೂ ಅಳಿಸದಂತೆ ಇವತ್ತೇ ನೋಡಿಕೊಳ್ಳಿ.

ಈಗ ರೀಸ್ಟಾರ್ಟ್ ಮಾಡುವುದನ್ನು ನಿಲ್ಲಿಸಿ; ವಿಎಂ ಎಲ್ಲಿ ನಿಂತಿದೆ ಎಂದು ನೋಡಿ. ಮೈಕ್ರೋಸಾಫ್ಟಿನ ‘ಸೆಂಟ್ರಲ್ ಇಂಡಿಯಾ’ ಕ್ಲೌಡ್ ಕೇಂದ್ರ 2015ರಿಂದ ಪುಣೆಯಲ್ಲೇ ಇದೆ; ನಿಮ್ಮ ವಿಎಂ ಅಲ್ಲಿದ್ದರೆ ನಿಮ್ಮ ಊರಲ್ಲೇ ಇದ್ದ ಹಾಗೆ. ಆದರೂ ಹೋಗಿ ಒಂದು ಮಾನಿಟರ್ ಚುಚ್ಚಿ ನೋಡುವಂತಿಲ್ಲ. ಕ್ಲೌಡಿನಲ್ಲಿ ಹೆದರಿಕೆ ಹುಟ್ಟುವುದು ಈ ಕಾಣದಿರುವಿಕೆಯಿಂದಲೇ. ಅದಕ್ಕೆ ‘ಬೂಟ್ ಡಯಾಗ್ನಾಸ್ಟಿಕ್ಸ್’ ಇದೆ; ಆನ್ ಮಾಡಿದರೆ ಪರದೆಯ ಚಿತ್ರವೂ ಲಾಗೂ ಸಿಗುತ್ತವೆ. ‘ಸೀರಿಯಲ್ ಕನ್ಸೋಲ್’ ಮೂಲಕ ಕೀಲಿಮಣೆಯನ್ನೂ ಒತ್ತಬಹುದು. ವಿಎಂ ಏಳುವುದು ಒಂದು ಸರಪಳಿ: ಫರ್ಮ್‌ವೇರ್, ಬೂಟ್‌ಲೋಡರ್, ಕರ್ನಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್, ಕೊನೆಗೆ ಡಿಸ್ಕಿನಲ್ಲಿರುವ ರೂಟ್. ಕೊನೆಯದಾಗಿ ಮಾತಾಡಿದ್ದು ಯಾರು ಎಂದು ಗೊತ್ತಾದರೆ, ತೊಡಕು ಅವರ ಮುಂದಿನ ಹೆಜ್ಜೆಯಲ್ಲಿದೆ ಎಂದರ್ಥ. ಈ ಲೆಕ್ಕದಲ್ಲಿ ನಿಮ್ಮ ಎರಡು ವಿಎಂಗಳದ್ದು ಎರಡು ಬೇರೆ ಕಾಯಿಲೆ. ಒಂದೇ ಮದ್ದು ಹುಡುಕುತ್ತಿದ್ದುದರಿಂದಲೇ ನೀವು ದಣಿದಿದ್ದೀರಿ.

ಮೊದಲನೆಯದು ಫರ್ಮ್‌ವೇರ್ ಹಂತದಿಂದ ಬೂಟ್‌ಲೋಡರ್‌ಗೆ ದಾಟುವಾಗಿನದ್ದು. ಹಳೆಯ ಸರ್ವರಿಗೆ ಲಾಗಿನ್ ಆಗಿ, ‘ಸಿಸ್’ ಒಳಗಿನ ‘ಫರ್ಮ್‌ವೇರ್’ ಡೈರೆಕ್ಟರಿಯಲ್ಲಿ ‘ಇಎಫ್‌ಐ’ ಇದೆಯೇ ನೋಡಿ. ಇಲ್ಲದಿದ್ದರೆ ಅದು ಬಯಾಸ್ ಮೇಲೆ ಏಳುವ ಯಂತ್ರ; ಅಜೂರಿನಲ್ಲಿ ಅದಕ್ಕೆ ಜನರೇಷನ್ 1 ವಿಎಂ ಬೇಕು. ಇದ್ದರೆ ಯುಇಎಫ್‌ಐ, ಅದಕ್ಕೆ ಜನರೇಷನ್ 2. ನಕಲು ಮಾಡಿದ ಡಿಸ್ಕನ್ನು ಕ್ಲೌಡಿನಲ್ಲಿ ದಾಖಲಿಸುವಾಗಲೇ ಇದನ್ನು ಸರಿಯಾಗಿ ಹೇಳಬೇಕು. ತಪ್ಪು ಜನರೇಷನ್ ಕೊಟ್ಟಿದ್ದರೆ, ಅದೇ ನಕಲಿನಿಂದ ಡಿಸ್ಕನ್ನೂ ಅದರಿಂದ ವಿಎಂ ಅನ್ನೂ ಮತ್ತೆ ಸೃಷ್ಟಿಸಿದರೆ ಸಾಕು.

ಜನರೇಷನ್ ಸರಿಯಿದ್ದೂ ವಿಎಂ ಏಳದಿದ್ದರೆ, ಡೆಬಿಯನ್ನಿನ ಒಂದು ಅಭ್ಯಾಸ ಕಾರಣವಿರಬಹುದು. ಯಾವ ಫೈಲಿನಿಂದ ಏಳಬೇಕು ಎಂಬ ಪಟ್ಟಿಯನ್ನು ಯುಇಎಫ್‌ಐ ತನ್ನದೇ ಎನ್‌ವಿರಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕೆವಿಎಂನಲ್ಲಿ ಅದು ಡಿಸ್ಕಿನ ಹೊರಗೆ ಬೇರೆಯೇ ಫೈಲಾಗಿರುತ್ತದೆ. ನೀವು ಸಾಗಿಸಿದ್ದು ಡಿಸ್ಕನ್ನು ಮಾತ್ರ. ಹಳೆಯ ಅಂಚೆಯಣ್ಣನಿಗೆ ನಿಮ್ಮ ಮನೆ ಗೊತ್ತಿತ್ತು. ಬೀದಿಗೆ ಹೊಸದಾಗಿ ಬಂದವನು ಬಾಗಿಲ ಮೇಲಿನ ಹೆಸರು ನೋಡಿಯೇ ಕಾಗದ ಕೊಡಬೇಕು. ಹಾಗೆಯೇ ಖಾಲಿ ಪಟ್ಟಿಯ ಹೊಸ ಫರ್ಮ್‌ವೇರ್, ಇಎಫ್‌ಐ ಪಾರ್ಟಿಷನ್ನಿನ ‘ಬೂಟ್’ ಫೋಲ್ಡರಿನಲ್ಲಿ ‘ಬೂಟ್‌ಎಕ್ಸ್64’ ಎಂಬ ಗೊತ್ತಾದ ಹೆಸರಿನ ಫೈಲನ್ನು ಹುಡುಕುತ್ತದೆ. ಡೆಬಿಯನ್ ತನ್ನ ಬೂಟ್‌ಲೋಡರ್ ಆದ ಗ್ರಬ್ಬನ್ನು ‘ಡೆಬಿಯನ್’ ಫೋಲ್ಡರಿನಲ್ಲಿ ಇಡುತ್ತದೆ. ನಾವಾಗಿ ಕೇಳದ ಹೊರತು ಆ ಇನ್ನೊಂದು ಜಾಗದಲ್ಲಿ ಪ್ರತಿ ಇಡುವುದಿಲ್ಲ.

ದುರಸ್ತಿ ಹೀಗೆ. ಮೊದಲು ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆಯಿರಿ. ಇದನ್ನು ಬಿಟ್ಟು ಒಂದು ಹೆಜ್ಜೆಯೂ ಬೇಡ. ಸ್ನ್ಯಾಪ್‌ಶಾಟಿನಿಂದ ಹೊಸ ಡಿಸ್ಕ್ ಮಾಡಿ, ಚೆನ್ನಾಗಿ ಓಡುತ್ತಿರುವ ಬೇರೊಂದು ಲಿನಕ್ಸ್ ವಿಎಂಗೆ ಡೇಟಾ ಡಿಸ್ಕಾಗಿ ಜೋಡಿಸಿ. ಆ ರಕ್ಷಣಾ ವಿಎಂ ಇದೇ ಡಿಸ್ಕಿನ ನಕಲಿನಿಂದ ಹುಟ್ಟಿದ್ದಾಗಿರಬಾರದು. ಯುಯುಐಡಿಗಳು ಒಂದೇ ಆಗಿ ಗೊಂದಲವಾಗುತ್ತದೆ. ಜೋಡಿಸಿದ ಡಿಸ್ಕಿನ ರೂಟ್ ಹಾಗೂ ಇಎಫ್‌ಐ ಪಾರ್ಟಿಷನ್ ಮೌಂಟ್ ಮಾಡಿ, ‘ಡೆವ್’, ‘ಪ್ರಾಕ್’, ‘ಸಿಸ್’ ಮೂರನ್ನೂ ಬೈಂಡ್ ಮಾಡಿ ಒಳಗೆ ಕ್ರೂಟ್ ಆಗಿ. ಗ್ರಬ್‌ನ ಇಎಫ್‌ಐ ಪ್ಯಾಕೇಜನ್ನು ‘ಡಿಪಿಕೆಜಿ-ರೀಕಾನ್ಫಿಗರ್’ ಮಾಡಿದರೆ ಅದು ಪ್ರಶ್ನೆಗಳನ್ನು ಕೇಳುತ್ತದೆ. ರಿಮೂವಬಲ್ ಮೀಡಿಯಾ ಜಾಗದಲ್ಲೂ, ಅಂದರೆ ಆ ‘ಬೂಟ್’ ಫೋಲ್ಡರಿನಲ್ಲೂ, ಪ್ರತಿ ಇಡಲೇ ಎಂಬುದಕ್ಕೆ ಹೌದು ಎನ್ನಿ. ಎನ್‌ವಿರಾಮ್ ಪಟ್ಟಿ ಬದಲಿಸಲೇ ಎಂಬುದಕ್ಕೆ ಬೇಡ ಎನ್ನಿ. ಇಲ್ಲದಿದ್ದರೆ ಬದಲಾಗುವುದು ರಕ್ಷಣಾ ವಿಎಂನ ಪಟ್ಟಿ.

ಎರಡನೆಯ ವಿಎಂನಲ್ಲಿ ಫರ್ಮ್‌ವೇರೂ ಗ್ರಬ್ಬೂ ತಮ್ಮ ಕೆಲಸ ಮುಗಿಸಿವೆ. ಕರ್ನಲ್‌ಗೆ ರೂಟ್ ಡಿಸ್ಕ್ ಕಾಣುತ್ತಿಲ್ಲ. ಕೆವಿಎಂನಲ್ಲಿ ಡಿಸ್ಕಿಗೆ ಸಾಮಾನ್ಯವಾಗಿ ವರ್ಟ್‌ಐಒ ಡ್ರೈವರ್. ಅಜೂರಿನ ಅಡಿಪಾಯ ಹೈಪರ್-ವಿ, ಅದಕ್ಕೆ ಬೇರೆ ಡ್ರೈವರ್. ಇನಿಟ್‌ರಾಮ್‌ಎಫ್‌ಎಸ್ ಸಂರಚನೆಯಲ್ಲಿ ‘ಮಾಡ್ಯೂಲ್ಸ್’ ಎದುರು ‘ಡೆಪ್’ ಎಂದಿದ್ದರೆ ಹಳೆಯ ಯಂತ್ರದ ಡ್ರೈವರ್‌ಗಳಷ್ಟೇ ಒಳಗೆ ಸೇರಿರುತ್ತವೆ. ಈ ಡಿಸ್ಕಿಗೂ ಮೇಲಿನಂತೆಯೇ ಸ್ನ್ಯಾಪ್‌ಶಾಟ್ ತೆಗೆದು, ರಕ್ಷಣಾ ವಿಎಂಗೆ ಜೋಡಿಸಿ ಕ್ರೂಟ್ ಆಗಿ; ‘ಡೆಪ್’ ಅನ್ನು ‘ಮೋಸ್ಟ್’ ಎಂದು ಬದಲಿಸಿ, ಅಲ್ಲಿಂದಲೇ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’ ಓಡಿಸಿ. ಎಫ್‌ಎಸ್‌ಟ್ಯಾಬ್‌ನಲ್ಲಿ ‘ವಿಡಿಎ’ ಎಂಬ ಹೆಸರಿದ್ದರೆ ತೆಗೆದು ಯುಯುಐಡಿ ಬರೆಯಿರಿ. ಕ್ಲೌಡಿನಲ್ಲಿ ಆ ಹೆಸರೇ ಇರುವುದಿಲ್ಲ.

ದುರಸ್ತಿ ಮುಗಿದ ಮೇಲೆ ಡಿಸ್ಕನ್ನು ಬಿಡಿಸಿ, ‘ಸ್ವಾಪ್ ಓಎಸ್ ಡಿಸ್ಕ್’ ಮೂಲಕ ಮೂಲ ವಿಎಂಗೆ ಕೊಡಿ. ಸೆಕ್ಯೂರ್ ಬೂಟ್ ಬಳಸುವುದಿದ್ದರೆ, ಅದಿಲ್ಲದೆ ವಿಎಂ ಎದ್ದದ್ದು ಖಚಿತವಾದ ಬಳಿಕ ಆನ್ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ, ಯಾವುದರಿಂದ ಏನಾಯಿತು ಎಂಬುದು ಗೊತ್ತಾಗುತ್ತದೆ.

ಇನ್ನು ನಿಮ್ಮ ಮನಸ್ಸಿನ ಭಾರ. ಕ್ಲೌಡಿನವರ ಮೇಲೆ ಹಾಕಿದ ಮಾತನ್ನು ನಾಳೆ ಬೆಳಿಗ್ಗೆಯೇ ಸರಿಪಡಿಸಿ. ಲೀಡ್ ಬಳಿ ಹೋಗಿ, ‘ಸರ್, ಮೊನ್ನೆ ನಾನು ಹೇಳಿದ್ದು ತಪ್ಪು. ಒಂದು ವಿಎಂ ಬೂಟ್‌ಲೋಡರ್ ಹಂತದಲ್ಲಿ, ಇನ್ನೊಂದು ಡ್ರೈವರ್ ಹಂತದಲ್ಲಿ ನಿಂತಿದೆ. ಮೂಲ ಡೇಟಾ ಸುರಕ್ಷಿತವಾಗಿದೆ. ಹೀಗೆ ಸರಿಮಾಡಬೇಕೆಂದಿದ್ದೇನೆ’ ಎನ್ನಿ. ಅವರು ಒಂದು ಮಾತು ಗದರಬಹುದು. ಸುಳ್ಳಿನ ಮೇಲೆ ಸುಳ್ಳು ಪೇರಿಸಿಕೊಂಡು ರಾತ್ರಿ ಕಳೆಯುವುದಕ್ಕಿಂತ ಆ ಗದರಿಕೆ ಎಷ್ಟೋ ಹಗುರ.

ಕೆಲಸ ನಿಮ್ಮಿಂದ ಆಗುವಂಥದ್ದೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಸಂಸ್ಥೆಯ ಒಂದು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಅಂದು ಕ್ಲೌಡಿನಲ್ಲಿ ಬಿದ್ದ ಎಷ್ಟೋ ವಿಎಂಗಳನ್ನು ಎಬ್ಬಿಸಿದ್ದೂ ಡಿಸ್ಕನ್ನು ಬೇರೊಂದು ವಿಎಂಗೆ ಜೋಡಿಸಿ, ಕೆಟ್ಟ ಫೈಲು ತೆಗೆದೇ. ದೊಡ್ಡ ದೊಡ್ಡ ಸಂಸ್ಥೆಗಳ ಅನುಭವಿಗಳು ಹಿಡಿದ ದಾರಿಯನ್ನೇ ನೀವೂ ಹಿಡಿಯುತ್ತಿದ್ದೀರಿ.

ಈ ಎರಡು ವಿಎಂಗಳು ಎದ್ದ ಮೇಲೆ ಉಳಿದ ಸರ್ವರ್‌ಗಳಿಗೆ ಡಿಸ್ಕ್ ನಕಲು ಮಾಡುವ ಮುನ್ನವೇ, ಅವು ಇನ್ನೂ ಓಡುತ್ತಿರುವಾಗಲೇ, ಈ ಬದಲಾವಣೆಗಳನ್ನೆಲ್ಲ ಮಾಡಿಬಿಡಿ. ಬಯಾಸೋ ಯುಇಎಫ್‌ಐಯೋ, ಬೂಟ್ ಪ್ರತಿ ಇದೆಯೇ, ಡ್ರೈವರ್ ಸೇರಿದೆಯೇ, ಯುಯುಐಡಿ ಬರೆದಿದೆಯೇ — ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ತಂಡದವರಿಗೆಲ್ಲ ಕೊಡಿ. ನಿಮ್ಮ ನಂತರ ಈ ಕೆಲಸಕ್ಕೆ ಕೂರುವವರು ನಿಮ್ಮಷ್ಟು ಹೆದರಬೇಕಾಗಿ ಬರುವುದಿಲ್ಲ.