ಜೋಕಾಲಿಯ ಪಾಠ



ಶ್ರಾವಣ ಮಾಸದಲ್ಲಿ ನಾಗರ ಪಂಚಮಿ ಬಂದಿತೆಂದರೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಸುತ್ತಲಿನ ಹಳ್ಳಿಗಳಲ್ಲಿ ಮರದ ಕೊಂಬೆಗಳಿಗೆ ಜೋಕಾಲಿ ಕಟ್ಟುವುದನ್ನು ನೀವೆಲ್ಲರೂ ಬಲ್ಲಿರಿ. ತವರಿಗೆ ಬಂದ ಅಕ್ಕಂದಿರೂ ಚಿಕ್ಕ ಹುಡುಗಿಯರೂ ಸರದಿಯ ಮೇಲೆ ಜೀಕುವರು. ಉಳಿದ ದಿನಗಳಲ್ಲಿ “ಮರ ಹತ್ತಬೇಡ, ಬಿದ್ದೀಯೆ” ಎಂದು ಮಗಳನ್ನು ತಡೆಯುವ ತಾಯಿಯು ಆ ದಿನ ತಾನೇ ಆಕೆಯನ್ನು ಜೋಕಾಲಿಗೆ ಏರಿಸುವಳು.

ಇದರಲ್ಲಿ ಹಿರಿಯರ ಜಾಣ್ಮೆ ಅಡಗಿದೆ. ಅವರು ಮೊದಲು ಕೊಂಬೆಯ ಬಲವನ್ನು ನೋಡಿ, ಹಗ್ಗವನ್ನು ಜಗ್ಗಿ ಪರೀಕ್ಷಿಸುವರು. ಆಮೇಲೆ ಎಷ್ಟು ಎತ್ತರಕ್ಕೆ ಜೀಕಬೇಕೆಂಬುದನ್ನು ಜೀಕುವವಳಿಗೇ ಬಿಡುವರು. ಮಗುವಿನ ಕಣ್ಣಿಗೆ ಕಾಣದ ಅಪಾಯವನ್ನು ನಿವಾರಿಸುವುದು ಹಿರಿಯರ ಕರ್ತವ್ಯ. ಕಾಣುವ ಅಪಾಯವನ್ನು ಅಳೆದು ನೋಡುವುದು ಮಗುವಿನ ಅಭ್ಯಾಸ.

ನಾರ್ವೆ ದೇಶದ ಸಂಶೋಧಕಿ ಎಲ್ಲೆನ್ ಸ್ಯಾಂಡ್‌ಸೆಟರ್ ಎಂಬವರು 2007ರಲ್ಲಿ ಸಾಹಸದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಉಪಕರಣ, ನೀರು-ಬೆಂಕಿಗಳ ಸಮೀಪ, ಸೆಣಸಾಟ, ಹಿರಿಯರ ಕಣ್ಮರೆಯಲ್ಲಿ ತಿರುಗಾಟ. ನಮ್ಮ ಜೋಕಾಲಿಯಲ್ಲಿ ಮೊದಲಿನ ಎರಡೂ ಕೂಡಿವೆ. ಕೆನಡಾ ದೇಶದ ಮಕ್ಕಳ ವೈದ್ಯರ ಸಂಘವು 2024ರಲ್ಲಿ, ಇಂಥ ಹೊರಾಂಗಣದ ಆಟಗಳು ಮಕ್ಕಳ ದೇಹಕ್ಕೂ ಮನಸ್ಸಿಗೂ ಹಿತಕರವೆಂದು ಪ್ರಕಟಿಸಿತು.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಬಾಲಿಕೆಯರನ್ನು ಮಸ್ಕಿಯ ಬೆಟ್ಟಕ್ಕೆ ಕರೆದೊಯ್ದಿದ್ದೆವು. 1915ರಲ್ಲಿ ಅಶೋಕನ ಶಾಸನವು ಬೆಳಕಿಗೆ ಬಂದ ಸ್ಥಳವದು. ಆಳೆತ್ತರದ ಬಂಡೆಯೊಂದರ ನಡುವೆ ಒಬ್ಬ ಬಾಲಿಕೆ ಹೆದರಿ ನಿಂತುಬಿಟ್ಟಳು. ಎತ್ತಿ ಇಳಿಸಬೇಕೆಂದು ನನ್ನ ಮನಸ್ಸು ತವಕಿಸಿತು. ಆದರೂ ಬಂಡೆಯ ಬುಡದಲ್ಲಿಯೇ ನಿಂತು, “ಬಲಗಾಲಿಗೆ ಎಲ್ಲಿ ಆಸರೆಯಿದೆ ನೋಡಮ್ಮಾ” ಎಂದಷ್ಟೇ ಹೇಳಿದೆನು. ಆಕೆ ಕಾಲಿಟ್ಟಳು, ಹಿಂದೆಗೆದಳು, ಬೇರೊಂದೆಡೆ ಇಟ್ಟಳು. ಕಡೆಗೆ ತಾನೇ ಇಳಿದು ಬಂದಳು. ಅಂಗೈ ತರಚಿತ್ತು, ಮುಖವು ಅರಳಿತ್ತು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಆ ಹುಡುಗಿ ಆಮೇಲೆ ತರಗತಿಯಲ್ಲಿ ತಿಳಿಯದುದನ್ನು ಎದ್ದು ನಿಂತು ಕೇಳತೊಡಗಿದಳು.

ಹಾಗೆಂದು ಮಕ್ಕಳನ್ನು ಎಲ್ಲಿಯಾದರೂ ಬಿಡಬಹುದೆಂದು ಯಾರೂ ಭಾವಿಸಬಾರದು. ಸಿಂಧನೂರಿನ ಕಡೆ ಹರಿಯುವ ತುಂಗಭದ್ರಾ ಎಡದಂಡೆಯ ಕಾಲುವೆಯನ್ನು ನೋಡಿರಿ. ಮೇಲೆ ಶಾಂತವಾಗಿ ಕಾಣುವ ನೀರಿನ ಸೆಳೆತವನ್ನೂ ಪಾಚಿಗಟ್ಟಿದ ಇಳಿಜಾರನ್ನೂ ಮಗುವು ಅಳೆಯಲಾರದು. ಅಲ್ಲಿ ಆಟ ಸಲ್ಲದು. ಸವೆದ ಹಗ್ಗ, ಒಣಗಿದ ಕೊಂಬೆ, ಬಾಯಿ ಮುಚ್ಚದ ಕೊಳವೆಬಾವಿ, ಇವೂ ಅಂಥವೇ.

ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ನನ್ನ ಚಿಂತೆ ಇನ್ನೂ ಹೆಚ್ಚಿನದು. ಹನ್ನೊಂದು ಹನ್ನೆರಡು ವಯಸ್ಸಾಯಿತೆಂದರೆ “ದೊಡ್ಡವಳಾದೆ, ಮೆಲ್ಲಗೆ ನಡೆ” ಎಂಬ ಮಾತು ಕೇಳಿಬರುತ್ತದೆ. ಅದೇ ಹೊತ್ತಿಗೆ ಅವಳ ತಮ್ಮನು ಮರದ ಮೇಲಿರುತ್ತಾನೆ. ಕೆಲವೇ ವರ್ಷಗಳಲ್ಲಿ ಈಕೆ ಕಾಲೇಜಿಗೋ ದಾದಿಯರ ತರಬೇತಿಗೋ ಪರವೂರಿಗೆ ಒಬ್ಬಳೇ ಹೋಗತಕ್ಕವಳು. ಎಲ್ಲಿ ಮುಂದಡಿಯಿಡಬೇಕು, ಎಲ್ಲಿ ನಿಲ್ಲಬೇಕು ಎಂಬ ವಿವೇಕವನ್ನು ಆಗ ಯಾರು ಕೊಟ್ಟಾರು?

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿಯಿಷ್ಟೇ: ಹಗ್ಗವನ್ನು ನೀವು ಪರೀಕ್ಷಿಸಿರಿ, ಜೀಕುವುದನ್ನು ಮಗಳಿಗೆ ಬಿಡಿರಿ, ಪಂಚಮಿ ಮುಗಿದ ಮರುದಿನವೇ ಜೋಕಾಲಿಯನ್ನು ಬಿಚ್ಚಬೇಡಿರಿ.