ಇಂಡಕ್ಷನ್ ಒಲೆ ಕೊಳ್ಳುವ ಮುನ್ನ

ಅಂಗಡಿಗೆ ಹೋಗುವ ಮೊದಲು ಮನೆಯ ಪಾತ್ರೆಗಳ ತಳಕ್ಕೊಂದು ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಆ ಪಾತ್ರೆ ಇಂಡಕ್ಷನ್ ಒಲೆಗೆ ಹೊಂದುತ್ತದೆ. ಈ ಒಲೆಯ ಕಾಂತಕ್ಷೇತ್ರ ಪಾತ್ರೆಯ ತಳವನ್ನೇ ನೇರವಾಗಿ ಬಿಸಿ ಮಾಡುತ್ತದೆ. ಹಾಗಾಗಿ ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್, ತಾಮ್ರದ ಪಾತ್ರೆ, ಮಣ್ಣಿನ ಮಡಕೆ ಇಲ್ಲಿ ಕೆಲಸಕ್ಕೆ ಬಾರವು. ತಳ ಚಪ್ಪಟೆಯಾಗಿರುವುದೂ ಮುಖ್ಯ.

ಇನ್ನು ಕರೆಂಟಿನ ಲೆಕ್ಕ. 2000 ವ್ಯಾಟ್‌ನ ಒಲೆ ಪೂರ್ಣ ಶಕ್ತಿಯಲ್ಲಿ ಒಂದು ಗಂಟೆ ನಡೆದರೆ 2 ಯೂನಿಟ್. ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ‘ಗೃಹಜ್ಯೋತಿ’ಯ ಮನೆಗಳಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಇಷ್ಟು ಶಕ್ತಿಯ ಒಲೆಗೆ ಸಾಕೆಟ್ 16 ಆಂಪಿಯರ್‌ನದೇ ಇರಲಿ.

ಬದನೆಕಾಯಿ ಸುಡಲು, ಫುಲ್ಕ ಉಬ್ಬಿಸಲು ಬೆಂಕಿಯೇ ಬೇಕು. ಗ್ಯಾಸ್ ಒಲೆ ಉಳಿಸಿಕೊಂಡು ಹಾಲು, ಕಾಫಿ, ಅನ್ನಕ್ಕೆ ಇಂಡಕ್ಷನ್ ಬಳಸುವುದು ಹೆಚ್ಚಿನ ಮನೆಗಳಿಗೆ ಒಪ್ಪುತ್ತದೆ. ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಮೊದಲು ವೈದ್ಯರನ್ನು ಕೇಳಿ.